ನನ್ನ ಕೋಲಿನಿಂದ ಅಳೆದ ನ್ಯಾಯ

ದಿಂಡಿಗಲ್ಲಿನ ಉತ್ಸವ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ

ಮಾನ್ಯರೇ,

ಕಳೆದ ತಿಂಗಳು ಮಹಾರಾಣಿಯವರ ಆಳ್ವಿಕೆಯ ಅರವತ್ತನೆಯ ವರ್ಷದ ಉತ್ಸವದಲ್ಲಿ ತಾವು ನನ್ನ ತಲೆಗೆ ಕಟ್ಟಿದ ಜರಿಪೇಟವನ್ನು ಈ ಪತ್ರದೊಂದಿಗೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಪೊಲೀಸು ಜವಾನರಿಗೆ ದೊಣ್ಣೆವರಸೆ ಕಲಿಸುವ ವಾತಿಯಾರ್ ಕೆಲಸದ ಹುಕುಂ ಕೂಡ ಅದರ ಮಡಿಕೆಯೊಳಗೇ ಇದೆ. ಎರಡೂ ನನ್ನವಲ್ಲ. ಕಾಮಯಗೌಂಡನ್‌ಪಟ್ಟಿಯ ಕರುಪ್ಪಯ್ಯನವು. ಅವನು ಗಿಡ್ಡ ಎಂಬ ಒಂದೇ ಕಾರಣಕ್ಕೆ ತಾವು ಅವನನ್ನು ಕಣಕ್ಕೇ ಬಿಡದೆ ಓಡಿಸಿದಿರಿ, ಆಟವೇ ಆಡದ ನನ್ನನ್ನು ಗೆದ್ದವನೆಂದು ಸಾರಿದಿರಿ. ಹೀಗೆ ಗೆದ್ದವನು ಈ ಕಂಬಂ ಕಣಿವೆಯಲ್ಲಿ ನಾನೊಬ್ಬನೇ ಇರಬೇಕು.

ತಾವು ಮೈಸೂರು ಸೀಮೆಯವರೆಂದು ಕೇಳಿ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮದು ಮನೆಯೊಳಗಿನ ಕನ್ನಡ. ಅಕ್ಷರವನ್ನು ಬತ್ತಲಗುಂಡಿನಲ್ಲಿ ನೆಲೆಸಿದ್ದ ಬಳ್ಳಾರಿಯ ಒಬ್ಬ ಜವಳಿ ವ್ಯಾಪಾರಿಯಿಂದ ಕಲಿತೆ. ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವುದು ತಮ್ಮ ಉದ್ಯೋಗವೇ ಅಲ್ಲವೇ? ಇದೇ ಸಂಗತಿಯ ತಮಿಳು ಕಾಗದವನ್ನು ಬತ್ತಲಗುಂಡಿನ ಸಂತೆಯಲ್ಲೂ ಕಂಬಂ ಚಾವಡಿಯಲ್ಲೂ ಅಂಟಿಸಿಯಾಗಿದೆ. ಓದಲು ಬಾರದವರಿಗೆ ಓದಿ ಹೇಳುವವರನ್ನೂ ನಿಲ್ಲಿಸಿದ್ದೇನೆ. ಆದ್ದರಿಂದ ಪತ್ರ ತಮ್ಮ ಕೈಸೇರಲಿಲ್ಲವೆಂದು ಹೇಳುವ ಶ್ರಮ ತಮಗೆ ಬೇಡ.

ಮೊದಲು ತಾವು ಯಾರನ್ನು ಓಡಿಸಿದಿರಿ ಎಂಬುದನ್ನು ತಿಳಿದುಕೊಳ್ಳಿ. ಕರುಪ್ಪಯ್ಯ ಇಪ್ಪತ್ತು ವರ್ಷಗಳಿಂದ ಕೋಲು ತಿರುಗಿಸಿ ಬದುಕುತ್ತಿರುವವನು. ಹೊಲವಿಲ್ಲ, ಎತ್ತಿಲ್ಲ, ಕೋಲೇ ಕಸುಬು. ಊರೂರಿನವರು ತಮ್ಮ ಪರವಾಗಿ ಆಡಲು ಅವನನ್ನು ಕರೆದೊಯ್ಯುತ್ತಾರೆ. ಉಳಿದ ದಿನಗಳಲ್ಲಿ ಬತ್ತಲಗುಂಡಿನಿಂದ ಕೊಡೈಕಾನಲ್ ಘಟ್ಟದ ಬುಡಕ್ಕೆ ಹೋಗುವ ಸರಕಿನ ಬಂಡಿಗಳಿಗೆ ಕಾವಲು. ಒಮ್ಮೆ ಹಾಡಹಗಲೇ ಮೂವರು ಕಳ್ಳರು ಬಂಡಿಗೆ ಅಡ್ಡ ಬಂದರಂತೆ. ಆ ಮೂವರೂ ಅವನ ಎತ್ತರ ಎಷ್ಟೆಂದು ಕೇಳಲಿಲ್ಲ. ಕೇಳಿದ್ದರೆ ಮೂವರ ಮೊಣಕಾಲೂ ಉಳಿಯುತ್ತಿತ್ತೇನೋ! ಕಳ್ಳರಿಗಿಲ್ಲದ ಈ ಶಾಸ್ತ್ರ ತಮಗೆ ಎಲ್ಲಿಂದ ಬಂತು ಸ್ವಾಮಿ?

ಎತ್ತರದ ಮಾತು ಅವನಿಗೆ ಹೊಸದಲ್ಲ. ನಮ್ಮಿಬ್ಬರಿಗೂ ವರಸೆ ಕಲಿಸಿದ ಗುರುಸಾಮಿ ವಾತಿಯಾರ್ ಕೂಡ ಮೊದಲು ಅವನನ್ನು ಸೇರಿಸಲಿಲ್ಲ. "ಬೆಳದುಕೊಂಡು ವಾ ಪೋ" ಎಂದು ಮೂರು ವರ್ಷ ಹಿಂದಕ್ಕೆ ಕಳಿಸಿದರು. ಅವನು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಬಂದು ವಾತಿಯಾರ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ಹಿಂದಿನ ವರ್ಷದ ಸುಣ್ಣದ ಗುರುತಿಗಿಂತ ಒಂದು ಬೆರಳೂ ಏರುತ್ತಿರಲಿಲ್ಲ. ನಾವೆಲ್ಲ ನಗುತ್ತಿದ್ದೆವು; ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು. ನಾಲ್ಕನೆಯ ವರ್ಷ ವಾತಿಯಾರಿಗೇ ನಾಚಿಕೆಯಾಗಿರಬೇಕು. ಕತ್ತಿಯನ್ನೂ ಒಂದು ಬಿದಿರನ್ನೂ ಅವನ ಮುಂದೆ ಹಾಕಿ, "ಸೆರಿ, ನಿನ್ನ ಪುಬ್ಬು ಎಲ್ಲಿ ಅದೆಯೋ ಅಲ್ಲಿಗೆ ಕಡಿ" ಎಂದರು.

ಮಾನ್ಯರೇ, ಈ ಮಾತನ್ನು ತಾವು ಎರಡು ಸಲ ಓದಬೇಕು. ನಮ್ಮಲ್ಲಿ ಕೋಲನ್ನು ಅಂಗಡಿಯಲ್ಲಿ ಕೊಳ್ಳುವುದಿಲ್ಲ, ಒಬ್ಬರ ಕೋಲಿನಲ್ಲಿ ಇನ್ನೊಬ್ಬರು ಆಡುವುದಿಲ್ಲ. ನೆಲದಿಂದ ಆಡುವವನ ಹುಬ್ಬಿನವರೆಗೆ ಎಷ್ಟೋ ಅಷ್ಟೇ ಕೋಲು, ನಮ್ಮವರ ಮಾತಿನಲ್ಲಿ ಕಂಬು. ಎತ್ತರದವನಿಗೆ ಉದ್ದ, ಗಿಡ್ಡನಿಗೆ ಮೋಟು. ಕಣದಲ್ಲಿ ಇಬ್ಬರೂ ಕೋಲಿನ ತುದಿಗೆ ಒದ್ದೆ ಬೂದಿ ಹಚ್ಚಿಕೊಂಡು ನಿಲ್ಲುತ್ತಾರೆ. ಎದುರಾಳಿಯ ಹಣೆಗೆ ಯಾರು ಮೊದಲು ಬೂದಿಯ ಬೊಟ್ಟಿಡುತ್ತಾರೋ ಅವರು ಗೆದ್ದಂತೆ. ಆಟ ಇಷ್ಟೇ. ತಮ್ಮ ಕಚೇರಿಯ ಕಾಗದಗಳಿಗಿಂತ ಬಹಳ ಸುಲಭ.

ನಾನೂ ಕರುಪ್ಪಯ್ಯನೂ ಹೀಗೆ ಹದಿನಾಲ್ಕು ಸಲ ಎದುರಾಗಿದ್ದೇವೆ. ಹನ್ನೊಂದು ಸಲ ಅವನು ಗೆದ್ದಿದ್ದಾನೆ. ನಾನು ಗೆದ್ದ ಮೂರರಲ್ಲಿ ಒಂದು ಸಲ ಅವನಿಗೆ ಚಳಿಜ್ವರವಿತ್ತು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನನ್ನ ಉದ್ದ ಕೋಲು ಒಂದು ಸುತ್ತು ಬರುವಷ್ಟರಲ್ಲಿ ಅವನ ಮೋಟು ಕೋಲು ಎರಡು ಸುತ್ತು ಬಂದಿರುತ್ತದೆ. ಮೊದಲು ಮಣಿಕಟ್ಟಿಗೆ ಒಂದು ತಟ್ಟು, ನಾನು ಕೈ ಹಿಂದೆಗೆಯುವಾಗ ಕಂಕುಳ ಕೆಳಗೆ ನುಸುಳಿ ಮೇಲಕ್ಕೆ ಒಂದು ನೆಗೆತ, ಅಷ್ಟರಲ್ಲಿ ನನ್ನ ಹಣೆ ತಣ್ಣಗಾಗಿರುತ್ತದೆ. ಸೋತಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು, ನಿಜ. ಆದರೂ ಈ ಭೂಮಿಯ ಮೇಲೆ ಅಂಥ ಆಟವನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ನನ್ನೊಬ್ಬನಿಗೇ ಇತ್ತು.

ಈಗ ಉತ್ಸವದ ದಿನಕ್ಕೆ ಬರೋಣ. ದಿಂಡಿಗಲ್ ಬಂಡೆಯ ಬುಡದ ಮೈದಾನದಲ್ಲಿ ಒಂಬತ್ತು ಜನ ಆಟಗಾರರು ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದೆವು. ತಾವು ಚಪ್ಪರದ ನೆರಳಿನಲ್ಲಿ ನಿಂಬೆ ಪಾನಕ ಮುಗಿಸಿ ಎದ್ದು ಬಂದು ಸಾಲನ್ನು ನೋಡಿದಿರಿ. ಕರುಪ್ಪಯ್ಯನ ಮುಂದೆ ನಿಂತು, "ಇದೇನು, ಬೊಂಬೆಯಾಟವೂ ಉಂಟೋ?" ಎಂದಿರಿ. ತಮ್ಮ ಗುಮಾಸ್ತರೆಲ್ಲ ನಕ್ಕರು. ನಗುವುದು ಅವರ ಕೆಲಸದಲ್ಲಿ ಸೇರಿದೆ, ಅವರನ್ನು ದೂರುವುದಿಲ್ಲ. ಆಮೇಲೆ, ಪೊಲೀಸರಿಗೆ ಕಲಿಸುವವನು ನೋಡಲು ಎತ್ತರದ ಆಳಾಗಿರಬೇಕು, ಎಲ್ಲರನ್ನೂ ಅಳೆಯಿರಿ ಎಂದು ಅಪ್ಪಣೆ ಕೊಟ್ಟಿರಿ. ಅಳೆಯುವ ಟೇಪನ್ನು ಗುಮಾಸ್ತ ಕಚೇರಿಯಲ್ಲೇ ಮರೆತು ಬಂದಿದ್ದ. ಆಗ ತಾವು ಸಾಲಿನಲ್ಲಿ ಚೆನ್ನಾಗಿ ಕಂಡ ಒಂದು ಕೋಲಿಗೆ ಕೈಚಾಚಿ, "ಇದರ ತುದಿ ಯಾರ ಹುಬ್ಬಿಗಿಂತ ಮೇಲಿರುತ್ತದೋ ಅವರು ಹೊರಗೆ" ಎಂದು ತೀರ್ಪು ಮಾಡಿದಿರಿ.

ಎಂಟು ಜನ ಹೊರಗೆ ಹೋದರು. ಒಬ್ಬನ ಹುಬ್ಬಿಗೆ ಮಾತ್ರ ಕೋಲಿನ ತುದಿ ಅಚ್ಚುಕಟ್ಟಾಗಿ ಸರಿಹೋಯಿತು. ತಾವು ಬಹಳ ಸಂತೋಷಪಟ್ಟಿರಿ. "ನೋಡಿ, ಆಳೆಂದರೆ ಇವನು!" ಎಂದು ಅವನ ಬೆನ್ನು ತಟ್ಟಿದಿರಿ.

ಸರಿಹೋಗದೆ ಏನಾಗುತ್ತದೆ ಸ್ವಾಮಿ? ಅದು ನನ್ನ ಕೋಲು. ನನ್ನ ಹುಬ್ಬಿಗೆ ನಾನೇ ಕಡಿದುಕೊಂಡದ್ದು.

ಒಬ್ಬನ ಚಪ್ಪಲಿಯನ್ನು ಊರಿಗೆಲ್ಲ ತೊಡಿಸಿ ನೋಡಿ, ಹಿಡಿಸಿದವನಿಗೆ ಬಹುಮಾನ ಕೊಟ್ಟಿದ್ದೀರಿ. ಇಡೀ ಮೈದಾನದಲ್ಲಿ ಇದು ತಿಳಿಯದವರು ತಾವೂ ತಮ್ಮ ಗುಮಾಸ್ತರೂ ಮಾತ್ರ. ಹಾಗಾದರೆ ಯಾರೂ ಯಾಕೆ ಹೇಳಲಿಲ್ಲ ಎಂದು ಕೇಳುವಿರಿ. ಎಂಟು ಜನ ನನ್ನ ಮುಖ ನೋಡಿದರು. ಹೇಳಬೇಕಾದವನು ನಾನು, ಕೋಲು ಕೊಟ್ಟವನು ನಾನು. ನನ್ನ ಕಣ್ಣು ತಮ್ಮ ಪಕ್ಕದ ತಟ್ಟೆಯಲ್ಲಿದ್ದ ಜರಿಪೇಟದ ಮೇಲಿತ್ತು. ಹನ್ನೊಂದು ಸಲದ ಬೂದಿಯನ್ನು ಅದು ಮುಚ್ಚುತ್ತದೆ ಎಂದುಕೊಂಡೆ. ಬಾಯಿ ಬಿಡಲಿಲ್ಲ. ತಮ್ಮ ಅಜ್ಞಾನಕ್ಕೆ ಕ್ಷಮೆಯಾದರೂ ಇದೆ, ನನ್ನ ಮೌನಕ್ಕೆ ಅದೂ ಇಲ್ಲ.

ಅಂದಹಾಗೆ, ಆ ಕೋಲಿನ ಪಕ್ಕದಲ್ಲಿ ತಾವೂ ಒಂದು ಗಳಿಗೆ ನಿಂತಿದ್ದಿರಿ. ತಮ್ಮ ಬೂಟಿನ ಹಿಮ್ಮಡಿ, ತಲೆಯ ಮೇಲಿನ ರುಮಾಲು, ಎರಡನ್ನೂ ಲೆಕ್ಕಕ್ಕೆ ಸೇರಿಸಿದರೂ ಅದರ ತುದಿ ತಮ್ಮನ್ನು ಮೀರಿ ಆಕಾಶ ನೋಡುತ್ತಿತ್ತು. ಆದರೂ ಅಧ್ಯಕ್ಷತೆ ಸಾಂಗವಾಗಿ ನಡೆಯಿತಲ್ಲ! ಕುರ್ಚಿಗೆ ಬೇಡವಾದ ಎತ್ತರ ಕೋಲಿಗೆ ಮಾತ್ರ ಏಕೆ ಬೇಕಾಯಿತೋ ತಿಳಿಸುವ ಕೃಪೆ ಮಾಡಬೇಕು.

ಪೇಟ ಕಟ್ಟಿಕೊಂಡು ಊರಿಗೆ ಬಂದ ಮೂರನೆಯ ವಾರ ಕರುಪ್ಪಯ್ಯನ ಹೆಂಡತಿ ಪಾಪಮ್ಮಾಳ್ ನಮ್ಮ ಮನೆ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. ಅಂಗಳದಲ್ಲೇ ನಿಂತು ಕೇಳಿದಳು: "ಯಾಕಣ್ಣಾ, ಅದು ನಿಮ್ಮ ಪುಬ್ಬಿಗೆ ಕಡಿದ ಕಂಬು ಅಂತ ಆ ದೊರೆಗೆ ಒಂದು ವಾರ್ತೆ ಸೊಲ್ಲಕ್ಕೆ ಆಗಲಿಲ್ವಾ?"

ದೊಡ್ಡವರ ಮುಂದೆ ಬಾಯಿ ಹಾಕುವುದು ಹೇಗೆ ಎಂದೆ.

"ಬೊಂಬೆ ಅಂತ ಪೇರು ಬಿದ್ದ ಮೇಲೆ ಯಾವ ಊರಿನೋರೂ ಅವರನ್ನ ಕೂಗ್ತಾ ಇಲ್ಲ. ಬಂಡಿಯೋರೂ ಬೇರೆ ಆಳು ನೋಡಿಕೊಂಡ್ರು. ಆಡಿ ತಿಂಗಳ ಅಮಾವಾಸೆ ಕಳೀಲಿ, ಮಲೆ ಹತ್ತಿ ಕಾಫಿ ತೋಟದ ಕೂಲಿಗೆ ಹೋಯ್ತಾರಂತೆ. ಕಂಬನ್ನ ಅಟ್ಟದ ಮೇಲೆ ಸಿಕ್ಕಿಸಿಬುಟ್ರು. ನೀವು ಪೇಟ ಕಟ್ಕೊಂಡು ಸುಗವಾಗಿರಿ ಅಣ್ಣಾ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಣ್ಣಾ ಎಂದೇ ಹೇಳಿ ಹೋದಳು. ಇಪ್ಪತ್ತು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಹೆಸರನ್ನು ತಮ್ಮ ಒಂದು ತಮಾಷೆಯ ಮಾತೂ ನನ್ನ ಒಂದು ಕೋಲೂ ಸೇರಿ ಒಂದು ಗಳಿಗೆಯಲ್ಲಿ ಮುಗಿಸಿದವು. ಅವನು ತೋಟದಲ್ಲಿ ಬುಟ್ಟಿ ಹೊತ್ತರೆ ಅದರಲ್ಲಿ ಅರ್ಧ ಭಾರ ನನ್ನದು.

ಮಾರನೆಯ ದಿನ ಅವನ ಮನೆಗೆ ಹೋದೆ. ಒಂದಾಟ ಆಡೋಣ, ಊರ ಮುಂದೆ ಸೋಲುತ್ತೇನೆ ಎಂದೆ. ಅವನು ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. "ಸೋತುಕೊಡೋ ಆಟ ನನಗೆ ಬೇಡ ಪೆರಿಯಸಾಮಿ. ಯಾರ ಕಂಬಲ್ಲಿ ಅಳೆದರು ಅಂತ ಊರಿಗೆಲ್ಲ ಕೇಳೋ ಹಂಗೆ ಮೊದಲು ಸೊಲ್ಲು. ಆಮ್ಯಾಕೆ ಬಾ," ಎಂದ. ಈಗ ಹೇಳಿದ್ದೇನೆ. ಸಂತೆಗೂ ಹೇಳಿದ್ದೇನೆ, ಚಾವಡಿಗೂ ಹೇಳಿದ್ದೇನೆ, ತಮಗೂ ಹೇಳುತ್ತಿದ್ದೇನೆ.

ನಿನ್ನೆ ಚಾವಡಿಯಲ್ಲಿ ಕಾಗದ ಅಂಟಿಸಿದ ಕೂಡಲೇ ನನ್ನ ಕೋಲನ್ನು, ಕೇಳಲು ಬಂದಿದ್ದ ಕರುಪ್ಪಯ್ಯನ ಪಕ್ಕದಲ್ಲಿ ನಿಲ್ಲಿಸಿ, ಅವನ ಹುಬ್ಬಿನ ಮಟ್ಟಕ್ಕೆ ಎಲ್ಲರೆದುರು ಕಡಿದೆ. ಕಡಿದುಳಿದ ತುಂಡು ಒಂದು ಗೇಣು ನಾಲ್ಕು ಬೆರಳು. ತಾವು ಆ ಮನುಷ್ಯನಲ್ಲಿ ಕಂಡ ಕೊರತೆ ಪೂರ್ತಿ ಅಷ್ಟೇ. ಅದನ್ನು ಪೇಟದ ಜೊತೆಗೆ ಕಟ್ಟಿ ಕಳಿಸಿದ್ದೇನೆ. ತಮ್ಮ ಮೇಜಿನ ಮೇಲೆ ಕಾಗದಗಳು ಹಾರದಂತೆ ಇಟ್ಟುಕೊಳ್ಳಬಹುದು.

ನನ್ನ ಕೋರಿಕೆ ಒಂದೇ. ಆಡಿ ಅಮಾವಾಸ್ಯೆಗೆ, ಅಂದರೆ ತಮ್ಮ ಕಡೆಯ ಆಷಾಢದ ಅಮಾವಾಸ್ಯೆಗೆ, ಮೊದಲು ಅದೇ ಮೈದಾನದಲ್ಲಿ ಆ ಎಂಟು ಜನರನ್ನೂ ಮತ್ತೆ ಕರೆಸಿ, ಅವರವರ ಕೋಲಿನಲ್ಲಿ ಆಡಿಸಿ. ಗೆದ್ದವನಿಗೆ ಪೇಟವನ್ನೂ ಹುಕುಮನ್ನೂ ಕೊಡಿ. ನಾನು ಆಡುವುದಿಲ್ಲ, ಸಾಲಿನ ಹಿಂದೆ ನಿಂತು ಬೂದಿ ಕಲಸಿಕೊಡುತ್ತೇನೆ. ಟೇಪು ತರುವುದು ಬೇಡ. ತಾವು ಕಣ್ಣು ತಂದರೆ ಸಾಕು.

ಕರುಪ್ಪಯ್ಯ ನಿನ್ನೆ ನನ್ನೊಡನೆ ಆಡಿದ. ನಾನು ಸೋತುಕೊಡಬೇಕಾಗಲಿಲ್ಲ. ಮೋಟಾದ ಕೋಲನ್ನು ನಾನು ನೆಟ್ಟಗೆ ಹಿಡಿದುಕೊಳ್ಳುವ ಮೊದಲೇ ಹಣೆ ತಣ್ಣಗಾಯಿತು.

ಇಂತಿ,
ಆ ಬೂದಿಯನ್ನು ಇನ್ನೂ ತೊಳೆದುಕೊಳ್ಳದೆ ಬರೆದ,
ತಮ್ಮ ಅಳತೆಗೆ ಸರಿಹೋದ ಒಬ್ಬನೇ ಆಳು,
ಕಂಬಂ ಪೆರಿಯಸಾಮಿ