ಕೊಡದ ಸದ್ದು

ಜನವರಿ 6, ಬೆಳಿಗ್ಗೆ

ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದೆ. ಹೊರಗೆ ಆಟೋ ರಿವರ್ಸ್ ತೆಗೆದುಕೊಂಡಿತು. ಅದರ ಹಾರ್ನಿನಲ್ಲೂ ಅದೇ ಠಣ್… ‘ಏಳನೇ ಕಕ್ಷೆ’ ಸಿನಿಮಾದ ನೌಕೆ ಇಳಿಯುವ ಸದ್ದು. ರಿಂಗ್‌ಟೋನಿನಲ್ಲಿ ಅದೇ, ಮದುವೆ ಬ್ಯಾಂಡಿನಲ್ಲೂ ಅದೇ. ಇಪ್ಪತ್ತೆರಡು ವರ್ಷದ ಹಿಂದೆ ಅದನ್ನು ರೆಕಾರ್ಡ್ ಮಾಡಿದವಳು ನಾನು, ಸೌಂಡ್ ಅಸಿಸ್ಟೆಂಟ್. ನಾಲ್ಕು ಭಾಗ ಬಂದವು. ಪರದೆ ಮೇಲೆ ನನ್ನ ಹೆಸರು ಮಾತ್ರ ಬರಲಿಲ್ಲ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ.

ಜನವರಿ 9

ಸಿನಿಮಾ ಕಂಪನಿಯಿಂದ ಶಶಿಕಾಂತ್ ಫೋನ್. ನಮ್ಮೂರಿನವನೇ. ಐದನೇ ಭಾಗದ ಕೊನೆಗೆ, ಇದೆಲ್ಲ ಶುರುವಾದದ್ದು ಹೇಗೆ ಅಂತ ಚಿಕ್ಕ ವಿಡಿಯೊ ಹಾಕುತ್ತಾರಂತೆ.

“ಸದ್ದು ಎಲ್ಲಿ ಸಿಕ್ತು ಅಂತ ಕ್ಯಾಮೆರಾ ಮುಂದ ತೋರಸ್ರಿ ಮೇಡಂ. ನಿಮ್ಮ ಹೆಸರು ದೊಡ್ಡ ಅಕ್ಷರದಾಗ ಬರ್ತೈತಿ.”

ಇನ್ನೊಮ್ಮೆ ಹೇಳಿಸಿಕೊಂಡೆ.

ಜನವರಿ 11, ಸಂಜೆ

ಸಂಗನಕಲ್ಲು ಗುಡ್ಡ ಹತ್ತಿದೆ. ಅವತ್ತು ಈ ಸದ್ದಿನ ಬಂಡೆ ತೋರಿಸಿದ್ದ ಉಚ್ಚೆಂಗೆಮ್ಮನೂ ಜೊತೆಗೆ. ಆಗ ಇಲ್ಲಿ ಕುರಿ ಮೇಯಿಸುತ್ತಿದ್ದಳು. ಈಗ ಮೊಣಕಾಲು ನೋವು. ಗುಂಡುಕಲ್ಲಿನಿಂದ ಬಂಡೆಯನ್ನು ಮೆಲ್ಲಗೆ ತಟ್ಟಿದಳು. ಠಣ್… ಪಕ್ಕದಲ್ಲೇ, ಸಾವಿರಾರು ವರ್ಷದ ಹಿಂದೆ ಯಾರೋ ಕಲ್ಲಿನಲ್ಲಿ ಕುಟ್ಟಿ ಬಿಡಿಸಿದ ಗೂಳಿಯ ಚಿತ್ರ.

“ಸಿರುಗುಪ್ಪದಾಗ ಏನಾತು, ಮರತೇನಬೇ?” ಅಂದಳು.

ಮರೆತಿಲ್ಲ. ಮೂರನೇ ಭಾಗದಲ್ಲಿ ನೌಕೆ ಇಳಿದದ್ದು ಅಲ್ಲಿಯ ಹೊಳೆದಂಡೆಯ ಬಂಡೆ ಮೇಲೆ. ಅಭಿಮಾನಿಗಳು ನೆನಪಿಗೆಂದು ಒಂದೊಂದೇ ಚೂರು ಒಡೆದು ಒಯ್ದರು. ಈಗ ಅಲ್ಲಿ ಬಂಡೆಯೇ ಇಲ್ಲ.

ಜನವರಿ 17

ಕುರುಗೋಡಿನ ತವರುಮನೆಗೆ ಕ್ಯಾಮೆರಾ ಕರೆಸಿದೆ. ಅವ್ವನ ಹಿತ್ತಾಳೆ ಕೊಡ ಮುಂದಿಟ್ಟು, ಸೌಟಿನಿಂದ ಬಾರಿಸಿ, “ಇದರಾಗ ರೆಕಾರ್ಡ್ ಮಾಡಿದ್ದು” ಅಂದೆ.

“ಸದ್ದು ಬ್ಯಾರೆ ಕೇಳಸ್ತೈತಲ್ರಿ?” ಶಶಿಕಾಂತ್.

“ಆಮ್ಯಾಲೆ ಕಂಪ್ಯೂಟರಿನಾಗ ಎಳದೀವಪಾ.”

ನಂಬಿದ. ನನಗೆ ನಾಚಿಕೆಯೂ ಆಗಲಿಲ್ಲ.

ಏಪ್ರಿಲ್ 10

ಬಳ್ಳಾರಿಯಲ್ಲಿ ಐದನೇ ಭಾಗದ ಮ್ಯಾಟ್ನಿ. ಉಚ್ಚೆಂಗೆಮ್ಮನನ್ನೂ ಕರೆದೊಯ್ದೆ. ಹೆಸರು ಬಂತು — ದೊಡ್ಡ ಅಕ್ಷರ. ಪಕ್ಕದಲ್ಲಿ ಅವ್ವನ ಕೊಡ. ಶಿಳ್ಳೆಯೋ ಶಿಳ್ಳೆ. ಖುಷಿಯಾಯಿತು, ಹೌದು. ಕಣ್ಣೂ ತುಂಬಿತು. ಉಚ್ಚೆಂಗೆಮ್ಮ ಕಿವಿಯಲ್ಲಿ ಅಂದಳು, “ಕೊಡ ಬಾಳ ಚಲೋ ಬಾರಿಸೀದಿ ಬಿಡಬೇ!” ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಏಪ್ರಿಲ್ 14

ನಮ್ಮ ಸತ್ಯನಾರಾಯಣಪೇಟೆ ತುಂಬ ಕೊಡ ಬಡಿಯುವ ಸದ್ದು. ರೀಲ್ಸ್ ಅಂತೆ. ಪಕ್ಕದ ಮನೆಯ ಅಕ್ಕನಾಗಮ್ಮ ತಗ್ಗುಬಿದ್ದ ಕೊಡ ಎತ್ತಿಕೊಂಡೇ ಬಂದಳು.

“ಎಲ್ಲಾ ನಿನ್ನಿಂದ ನೋಡು, ಗಂಗೋತ್ರಿ! ನನ್ನ ಮೊಮ್ಮಗಳು ಬಡದು ಬಡದು ಏನು ಮಾಡ್ಯಾಳ ನೋಡು.”

ಹೊಸದು ಕೊಡಿಸುತ್ತೇನೆ ಅಂದೆ. ಕೊಡ ಬಜಾರಿನಲ್ಲಿ ಸಿಗುತ್ತದೆ. ಆ ಬಂಡೆ—