ಶೂಟಿಂಗ್ ಮನೆಯಿಂದ ಅಕ್ಕನಿಗೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಾನೂ ಪುಟ್ಟಿಯೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಬರೆದುಬಿಟ್ಟರೆ ಮುಂದಿನದನ್ನು ಓದುವಾಗ ನಿನಗೆ ಸ್ವಲ್ಪ ಧೈರ್ಯವಿದ್ದೀತು. ನನ್ನ ಅಕ್ಷರ ನೋಡಿ ಬೈಯಬೇಡ. ಅವಸರದಲ್ಲಿ ಬರೆಯುತ್ತಿದ್ದೇನೆ.

ಅವರು ಇಲ್ಲಿಗೆ ಬಂದಿದ್ದರು.

ನಾನಿರುವ ಮನೆಯ ಬಗ್ಗೆ ನಿನಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ನಿನ್ನೊಬ್ಬಳಿಗೇ ಹೇಳಿದ್ದು. ಮಣ್ಣಿನ ದಾರಿ ಮುಗಿಯುವಲ್ಲಿ, ಹುಲ್ಲುಗಾವಲಿನ ನಡುವೆ ಒಂದೇ ಒಂದು ಮನೆ. ಕಲ್ಲಿನ ಗೋಡೆ, ತಗ್ಗಿದ ಹೆಂಚಿನ ಸೂರು, ನೀಲಿ ಬಾಗಿಲು. ಮನೆಯೊಡತಿ ಪೇಟೆಯಲ್ಲಿದ್ದಾರೆ. ಫೋಟೋ ತೆಗೆಯುವವರಿಗೆ, ಸಿನಿಮಾದವರಿಗೆ ಇದನ್ನು ಬಾಡಿಗೆಗೆ ಕೊಡುತ್ತಾರೆ. ನೋಡಿಕೊಳ್ಳುವ ಕೆಲಸ ನನ್ನದು. ಹಿಂದಿನ ಕೋಣೆಯಲ್ಲಿ ನಮ್ಮಿಬ್ಬರ ವಾಸ. ಕೆಲಸಕ್ಕೆ ಸೇರುವಾಗಲೇ ಒಂದು ಮಾತು ಕೇಳಿಕೊಂಡಿದ್ದೆ: ನಾನಾಗಲಿ, ನನ್ನ ಮಗಳಾಗಲಿ ಯಾವ ಚಿತ್ರದಲ್ಲೂ ಬರಬಾರದು. ಅವರು ಯಾಕೆ ಎಂದು ಕೇಳಲಿಲ್ಲ. ಆ ಒಂದು ಕಾರಣಕ್ಕೇ ನಾನು ಇಲ್ಲಿ ನಿಂತೆ.

ಒಳ್ಳೆಯ ಕೆಲಸವೇ ಅಕ್ಕಾ. ಲೈಟಿನ ಸ್ಟ್ಯಾಂಡುಗಳು ಮರದ ನೆಲವನ್ನು ಗೀರದಂತೆ ಗೋಣಿ ಹಾಸುತ್ತೇನೆ, ಜನರೇಟರ್ ವ್ಯಾನನ್ನು ಸದ್ದು ಕೇಳಿಸದಷ್ಟು ದೂರ ನಿಲ್ಲಿಸುತ್ತೇನೆ, ಎಲ್ಲರಿಗೂ ಚಹಾ ಮಾಡುತ್ತೇನೆ. ಮದುವೆಯಾಗಲಿರುವ ಜೋಡಿಗಳು ಬಂದು ಕಿಟಕಿಯ ಬಳಿ ಕೂತು ನಗುತ್ತಾರೆ. ಒಮ್ಮೆ ಬಿಸ್ಕತ್ತಿನ ಜಾಹೀರಾತಿನವರು ಬಂದಿದ್ದರು. ಹೊಳೆಯಲಿ ಎಂದು ಬಿಸ್ಕತ್ತಿಗೆ ಏನೋ ಎಣ್ಣೆ ಬಳಿದಿದ್ದರು. ಪುಟ್ಟಿ ಕದ್ದು ಒಂದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, "ಅಮ್ಮಾ, ಇದು ಬರೀ ನೋಡೋ ಬಿಸ್ಕತ್ತು" ಅಂದಳು. ಅವಳು ಹಾಗೆಲ್ಲ ಮಾತಾಡಲು ಶುರುಮಾಡಿದ್ದೇ ಈ ಮನೆಗೆ ಬಂದ ಮೇಲೆ. ಅವಳ ಅಪ್ಪನ ಮನೆಯಲ್ಲಿದ್ದಾಗ ಅವಳು ಎಷ್ಟು ಮೆಲ್ಲಗೆ ಉಸಿರಾಡುತ್ತಿದ್ದಳೆಂದು ನಿನಗೆ ನೆನಪಿರಬೇಕು.

ಈ ಸಲ ಬಂದಿದ್ದು ಸಿನಿಮಾದವರು. ಹಳ್ಳಿಮನೆಯೊಂದರಲ್ಲಿ ಬದುಕುವ ಅಣ್ಣ, ತಂಗಿ, ತಂಗಿಯ ಮಗಳ ಕಥೆ. ಹಜಾರದ ಗೋಡೆಗೆ ಬೇರೆ ಬಣ್ಣ ಬಳಿದು, ನಟರ ಫೋಟೋಗಳನ್ನು ಹಳೆಯದಾಗಿ ಕಾಣುವಂತೆ ಮಾಡಿ ಸಾಲಾಗಿ ತೂಗುಹಾಕಿದರು. ತಂಗಿಯ ಪಾತ್ರದವರು ನಾಟಕದ ನಟಿ, ಸಿನಿಮಾಗೆ ಹೊಸಬರು. ಹೊರಗೆ ಯಾರೂ ಅವರನ್ನು ಗುರುತು ಹಿಡಿಯುವುದಿಲ್ಲ. ಮೇಕಪ್ ಮಾಡುವಾಕೆ ನನಗಿಂತ ದೊಡ್ಡವಳು. ಅವಳನ್ನು ನಾನು ಮೇಕಪ್ ಅಕ್ಕ ಎಂದೇ ಕರೆಯುತ್ತಿದ್ದೆ. ನಿನ್ನ ಹಾಗೆಯೇ ಕೆಲಸ ಮಾಡುತ್ತ ಬೈಯುತ್ತಾಳೆ, ಬೈಯುತ್ತಲೇ ಊಟಕ್ಕೆ ಕೂರಿಸುತ್ತಾಳೆ.

ಗುರುವಾರ ಸಂಜೆ ಚಹಾ ಹಂಚುತ್ತಿದ್ದಾಗ ಶೂಟಿಂಗ್ ಮ್ಯಾನೇಜರ್ ಹತ್ತಿರ ಬಂದರು. ನಾಳೆ ಬೆಳಗ್ಗೆ ಯಾರೋ ಫೋಟೋಗ್ರಾಫರ್ ಮನೆ ನೋಡಲು ಬರುತ್ತಾರೆ, ಫೋನ್ ಮಾಡಿದ್ದರು ಅಂದರು. ಅದೇನೂ ಹೊಸದಲ್ಲ. ಆಮೇಲೆ ಅಂದರು: "ಅಲ್ಲಿ ಒಬ್ಬ ಹೆಂಗಸು, ಸಣ್ಣ ಮಗು ಇದ್ರಲ್ಲಾ, ಈಗ್ಲೂ ಇದಾರಾ ಅಂತ ಕೇಳಿದ್ರು. ಅದನ್ನೆಲ್ಲ ನಾನ್ಯಾಕೆ ಹೇಳ್ಲಿ, ಬಂದು ನೋಡಿ ಅಂದೆ. ಭಾರಿ ಮರ್ಯಾದಸ್ಥ ಮನುಷ್ಯ. ಮಾತುಮಾತಿಗೂ 'ತೊಂದ್ರೆ ಇಲ್ಲ ತಾನೇ, ತೊಂದ್ರೆ ಇಲ್ಲ ತಾನೇ' ಅಂತಿದ್ರು."

ಕೈಯಲ್ಲಿದ್ದ ತಟ್ಟೆ ಬಿತ್ತು. ಲೋಟಗಳೆಲ್ಲ ಒಡೆದವು.

ಆ ಮಾತು ಯಾರದೆಂದು ನಿನಗೆ ಹೇಳಬೇಕಿಲ್ಲ. ನನ್ನ ಮಣಿಕಟ್ಟನ್ನು ಹಿಂದಕ್ಕೆ ತಿರುಚುವಾಗಲೂ ಅವರು ಅದನ್ನೇ, ಅಷ್ಟೇ ಮೆತ್ತಗೆ ಕೇಳುತ್ತಿದ್ದರು. ನೋಡು, ಈಗಲೂ 'ಅವರು' ಎಂದೇ ಬರೆಯುತ್ತಿದ್ದೇನೆ. 'ಅವನು' ಎನ್ನಲು ಕೈ ಹೆದರುತ್ತದೆ.

ಈ ಮನೆಯನ್ನು ಅವರು ಕಂಡವರೇ ಅಲ್ಲ. ಹೇಗೆ ಗೊತ್ತಾಯಿತೆಂದು ಆಗ ನನಗೆ ಹೊಳೆಯಲಿಲ್ಲ. ಕೋಣೆಗೆ ಓಡಿ ಪುಟ್ಟಿಯ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದೆ. ಎಲ್ಲಿಗೆ ಹೋಗುವುದು? ಬಸ್ಸಿಗೆ ನಡೆಯಬೇಕೆಂದರೆ ಇರುವುದು ಅದೊಂದೇ ಮಣ್ಣಿನ ದಾರಿ, ಅವರು ಬರುವುದೂ ಅದೇ ದಾರಿಯಲ್ಲಿ. ಮೇಕಪ್ ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನಾಯಿತೆಂದು ಕೇಳಿದಳು. ಇಷ್ಟು ದಿನ ಇಲ್ಲಿ ಯಾರಿಗೂ ಹೇಳದ್ದನ್ನೆಲ್ಲ ಆ ಕೋಣೆಯ ನೆಲದ ಮೇಲೆ ಕೂತು ಅವಳಿಗೆ ಹೇಳಿದೆ. ಪೊಲೀಸರಿಗೆ ಹೇಳೋಣವೇ ಅಂದಳು. ಹಿಂದೆ ಒಮ್ಮೆ ಹೇಳಿದ್ದೆ, ಪೊಲೀಸರೇ ನನ್ನನ್ನು ಸಮಾಧಾನ ಮಾಡಿ ವಾಪಸ್ ಆ ಮನೆಗೇ ಬಿಟ್ಟುಬಂದರು ಅಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನೇರ ಹೋಗಿ ನಟಿಯನ್ನು ಕರೆತಂದಳು.

ನಟಿ ಎಲ್ಲವನ್ನೂ ಕೇಳಿಸಿಕೊಂಡು ಹಜಾರದ ಗೋಡೆಯತ್ತ ತಿರುಗಿ ನೋಡಿದರು. ಆಮೇಲೆ ಅಂದರು: "ಗೋಡೆ ಮೇಲೆ ನನ್ನ ಫೋಟೋ ಇದೆ, ಹಗ್ಗದ ಮೇಲೆ ನನ್ನ ಬಟ್ಟೆ ಒಣಗ್ತಿದೆ. ಈ ಮನೆ ನೋಡ್ಕೊಳ್ಳೋಳು ನಾನೇ. ನಾಳೆ ನೀನು ಇಲ್ಲಿಲ್ಲ."

ಬೆಳಗಾಗುವಷ್ಟರಲ್ಲಿ ನಮ್ಮ ಕೋಣೆ ಕೋಣೆಯಾಗಿ ಉಳಿದಿರಲಿಲ್ಲ. ಕಲಾ ವಿಭಾಗದವರು ಹಾಸಿಗೆ ಎತ್ತಿಟ್ಟು, ವೈರಿನ ಸುರುಳಿಗಳನ್ನೂ ಬಣ್ಣದ ಡಬ್ಬಗಳನ್ನೂ ತುಂಬಿಬಿಟ್ಟಿದ್ದರು. ಯಾಕೆ ಏನು ಎಂದು ಒಬ್ಬರೂ ನನ್ನನ್ನು ಕೇಳಲಿಲ್ಲ. ಮ್ಯಾನೇಜರ್ ಮಾತ್ರ ನನ್ನ ಮುಖ ನೋಡಲಾರದೆ ತಮ್ಮ ಎರಡು ಫೋನುಗಳನ್ನು ಒರೆಸುತ್ತ ನಿಂತಿದ್ದರು. ನನ್ನನ್ನೂ ಪುಟ್ಟಿಯನ್ನೂ ಬಟ್ಟೆಯ ವ್ಯಾನಿನೊಳಗೆ, ತೂಗುಹಾಕಿದ ಕೋಟು, ಲಂಗ, ಕಂಬಳಿಗಳ ಹಿಂದೆ ಕೂರಿಸಿದರು. ಒಳಗೆ ಇಸ್ತ್ರಿಯ ವಾಸನೆ, ಬೆವರಿನ ವಾಸನೆ. ತಗಡಿನ ಸಂದಿನಿಂದ ಅಂಗಳದ ಒಂದು ಚೂರು ಕಾಣುತ್ತಿತ್ತು.

ಕಾರು ಬಂತು. ಮೊದಲು ಷೂ ಕಂಡಿತು. ಅದೇ ಕನ್ನಡಿಯಂಥ ಹೊಳಪು. ಕುತ್ತಿಗೆಯಲ್ಲಿ ಒಂದು ಕ್ಯಾಮೆರಾ ಬೇರೆ ಹಾಕಿಕೊಂಡಿದ್ದರು; ಹೊಸದು, ಪಟ್ಟಿಯ ಮೇಲಿನ ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ. ನಟಿಗೆ ನಮಸ್ಕಾರ ಹೇಳಿದರು. ಆ ಧ್ವನಿ ಕೇಳಿ ಪುಟ್ಟಿ ಅತ್ತುಬಿಟ್ಟರೆ ಎಂದು ಅವಳ ಬಾಯಿ ಮುಚ್ಚಲು ಕೈ ಎತ್ತಿದೆ. ಅಷ್ಟರಲ್ಲಿ ಅವಳ ಪುಟ್ಟ ಅಂಗೈ ನನ್ನ ಬಾಯಿಯ ಮೇಲಿತ್ತು. ಅಳುತ್ತಿದ್ದವಳು ನಾನು, ಅಕ್ಕಾ. ನನಗೇ ಗೊತ್ತಿರಲಿಲ್ಲ.

ಅವರು ಒಳಗೆ ಹೋದರು, ಕೋಣೆಕೋಣೆ ಸುತ್ತಿದರು. ಗೋಡೆಯ ಫೋಟೋಗಳ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ಹಿಂದಿನ ಬಾಗಿಲಿನಿಂದ ಹೊರಬಂದಾಗ ಮೆಟ್ಟಿಲ ಮೇಲೆ ಪುಟ್ಟಿಯ ಚಪ್ಪಲಿ ಕಂಡಿತು. ಎಲ್ಲವನ್ನೂ ಎತ್ತಿಟ್ಟವರು ಅದನ್ನು ಮರೆತಿದ್ದರು. ಅವರು ಒಂದನ್ನು ಕೈಗೆತ್ತಿಕೊಂಡು ಅಡಿಭಾಗ ತಿರುಗಿಸಿ ನೋಡಿ, ಇದು ಯಾರದು ಎಂದು ಕೇಳಿದರು.

"ಇವರ ಪಿಕ್ಚರ್‌ನಲ್ಲಿ ಒಂದು ಮಗು ಇದೆ. ಅದರದ್ದು" ಅಂದರು ನಟಿ. ಅವರ ಧ್ವನಿ ಒಂದಿಷ್ಟೂ ಅಲುಗಲಿಲ್ಲ.

"ಮಗು ಎಲ್ಲಿ?"

"ಅದರ ಸೀನ್ ಇವತ್ತಿಲ್ಲ. ಮನೇಲಿದೆ."

"ಮುಂಚೆ ಇಲ್ಲೊಬ್ಬಳು ಇದ್ದಳಂತಲ್ಲ?"

"ಇದ್ದಳಂತೆ. ನಾನು ಬರೋಷ್ಟರಲ್ಲಿ ಬಿಟ್ಟುಹೋಗಿದ್ದಳು."

ಅವರು ಚಪ್ಪಲಿಯನ್ನು ಕೆಳಗಿಟ್ಟರು. ಎರಡನ್ನೂ ಪಕ್ಕಪಕ್ಕಕ್ಕೆ ಸರಿಯಾಗಿ ಜೋಡಿಸಿಟ್ಟರು. ನಂತರ ನೇರ ವ್ಯಾನಿನತ್ತ ನಡೆದು ಬಂದರು. ಸಂದಿನಲ್ಲಿ ಬೆಳಕು ಹೋಯಿತು. ಹಿಡಿಕೆ ಕಟಕಟ ಅಂದಿತು. ಒಂದು ಕೋಟಿನ ತೋಳು ನನ್ನ ಮುಖಕ್ಕೆ ತಾಗುತ್ತಿತ್ತು, ಅದನ್ನು ಸರಿಸಲೂ ಧೈರ್ಯವಾಗಲಿಲ್ಲ.

"ರೀ ಸ್ವಾಮಿ," ಮೇಕಪ್ ಅಕ್ಕನ ದನಿ ಅಂಗಳದ ಆಚೆಯಿಂದ ಬಂತು, "ಒಳಗೆ ಹೆಣ್ಮಕ್ಕಳು ಬಟ್ಟೆ ಬದಲಾಯಿಸ್ತಿದಾರೆ. ಮರ್ಯಾದೆ ಇಲ್ವಾ ನಿಮಗೆ?"

ಕೆಲಸ ಬಿಟ್ಟು ಎಲ್ಲರೂ ಅವರನ್ನೇ ನೋಡುತ್ತಿದ್ದರಂತೆ. ಲೈಟಿನವರು, ಅಡುಗೆಯವರು, ಡ್ರೈವರುಗಳು, ಏಣಿಯ ಮೇಲಿದ್ದವರು ಕೂಡ. ಅಷ್ಟು ಜನರ ಕಣ್ಣೆದುರು ಅವರು ಎಂದೂ ಕೆಟ್ಟವರಾಗಿಲ್ಲ. ಹಿಡಿಕೆ ಬಿಟ್ಟರು. ಕ್ಷಮಿಸಿ ಅಂದರು. ಕಾರು ಹೊರಟಿತು. ಮಣ್ಣಿನ ದಾರಿಯ ಧೂಳು ಇಳಿಯುವವರೆಗೂ ನಮಗೆ ಬಾಗಿಲು ತೆಗೆಯಲಿಲ್ಲ. ಹೊರಗೆ ಬಂದಾಗ ಯಾರೋ ಕುರ್ಚಿ ತಂದರು. ನನಗೆ ಚಹಾ ಕೊಟ್ಟರು, ದಿನವೂ ಇವರಿಗೆಲ್ಲ ನಾನು ಕೊಡುವ ಅದೇ ಕೆಟಲಿನಿಂದ.

ಅವರು ನಂಬಿಹೋದರು ಎಂದು ನಟಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಜನ, ಈ ವ್ಯಾನುಗಳು ಹೋದ ಮೇಲೆ ಮನೆ ಮತ್ತೆ ಒಂಟಿಯಾಗುತ್ತದೆ. ಅದು ಅವರಿಗೂ ಗೊತ್ತು. ಆ ಧೂಳಿನ ದಾರಿಯಲ್ಲಿ ಒಂದು ಸೈಕಲ್ ಬಂದರೂ ನನ್ನ ಜೀವ ಹಾರುತ್ತದೆ. ಮನೆಯೊಡತಿಗೆ ಎಲ್ಲವನ್ನೂ ಹೇಳಿದೆ. ಅವರು ಬೇರೆ ಕಡೆ ಏರ್ಪಾಡು ಮಾಡಿದ್ದಾರೆ. ನಾಳೆ ಶೂಟಿಂಗ್ ಮುಗಿದೊಡನೆ ಇವರ ಗಾಡಿಯಲ್ಲೇ ಹೊರಡುತ್ತೇವೆ. ಎಲ್ಲಿಗೆಂದು ಬರೆಯುವುದಿಲ್ಲ. ಪತ್ರ ಯಾರ ಕೈಗಾದರೂ ಸಿಕ್ಕೀತು. ಇದನ್ನು ಮೇಕಪ್ ಅಕ್ಕ ತನ್ನೂರಿನಲ್ಲಿ ಅಂಚೆಗೆ ಹಾಕುತ್ತಾಳೆ, ಮೊಹರು ನೋಡಿ ಹುಡುಕುವಂತಿಲ್ಲ. ನನ್ನ ಹಳೆಯ ನಂಬರು ಕೂಡ ಇನ್ನಿಲ್ಲ.

ನಿನ್ನ ಮೊಣಕಾಲು ನೋವು ಹೇಗಿದೆ? ಭಾವನಿಗೆ ನನ್ನ ನಮಸ್ಕಾರ ಹೇಳು. ಸಂಜೆಯಾದ ಮೇಲೆ ಬಾಗಿಲು ಭದ್ರ ಮಾಡಿಕೋ.

ನಿನ್ನ ಪ್ರೀತಿಯ
ತಂಗಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಕಾರು ಹತ್ತುವ ಮುಂಚೆ ಅವರು ನಟಿಯ ಹತ್ತಿರ ಅಂದರಂತೆ: "ಅವಳ ಅಕ್ಕನೇ ಹೇಳಿದ್ದು, ನೀಲಿ ಬಾಗಿಲಿನ ಶೂಟಿಂಗ್ ಮನೇಲಿದಾಳೆ ಅಂತ." ಅಕ್ಕಾ, ನಿನ್ನನ್ನು ಹೆದರಿಸಿದರೇ? ಹೊಡೆದರೇ? ಇಲ್ಲ, ನಿನ್ನೆದುರು ಕೂತು ಅತ್ತರೇ? ಅತ್ತಿದ್ದರೆ ನಿನ್ನ ತಪ್ಪಿಲ್ಲ. ಆ ಅಳುವಿಗೆ ನಾನೂ ಎಷ್ಟೋ ವರ್ಷ ಕರಗಿದವಳೇ. ಅವರು ಮತ್ತೆ ನಿನ್ನ ಬಾಗಿಲಿಗೆ ಬರುತ್ತಾರೆ. ಬಂದು ಕೇಳಿದರೆ, ನನಗೆ ಗೊತ್ತಿಲ್ಲ ಅನ್ನು. ಈ ಸಲ ಅದು ನಿಜವಾಗಿರುತ್ತದೆ.