ಬ್ಯಾಟರಿ ಕೆಟ್ಟರೆ ಬರುತ್ತೇನೆ ಎಂದವಳಿಗೆ

ಅಂಗಡಿಯಿಂದ,
ಸೋಮವಾರ, ಗಿರಾಕಿಗಳಿಲ್ಲದ ಮಧ್ಯಾಹ್ನ

ಮುದ್ದಿನ ಪುಟ್ಟೀ,

ಹೇಗಿದ್ದೀಯಮ್ಮಾ? ಊರೂರು ತಿರುಗಿ ಕಂಡವರ ಚಾವಣಿ ಹತ್ತಿ ಸೋಲಾರ್ ಕೂರಿಸುವಾಗ ತಲೆಗೊಂದು ಟೋಪಿ ಹಾಕಿಕೊಳ್ಳುತ್ತೀಯಾ? ಬೆನ್ನುನೋವು ಕಡಿಮೆಯಾಯಿತೇ? ನಾವಿಬ್ಬರೂ ಆರೋಗ್ಯ. ನಿಮ್ಮಮ್ಮ ಎಂದಿನಂತೆ ಎಲ್ಲದರಲ್ಲೂ ನನಗಿಂತ ಒಂದು ಕೈ ಮೇಲು.

ನಮ್ಮ ಕ್ಷೌರದಂಗಡಿಗೂ ಸೋಲಾರ್ ಹಾಕಿ, ಗೋಡೆಗೆ ಆ ಕಂಟ್ರೋಲರ್ ಡಬ್ಬಿ ಬಿಗಿದು, "ಬ್ಯಾಟರಿ ಕೈಕೊಟ್ಟ ದಿನ ಹೇಳಪ್ಪಾ, ಓಡಿ ಬರ್ತೀನಿ" ಎಂದು ಹೋದೆಯಲ್ಲ, ವರ್ಷದ ಮೇಲಾಯಿತು. ಹಾಳಾದ್ದು ಕೆಡುವುದೇ ಇಲ್ಲ. ಎಲ್ಲ ಆ ಡಬ್ಬಿಯದೇ ಕಿತಾಪತಿ. ಬಿಸಿಲು ಸುರಿಯುತ್ತಿದ್ದರೂ ಬ್ಯಾಟರಿಯ ಹೊಟ್ಟೆ ತುಂಬಿತೋ, ಸಾಕು ಎಂದು ಕರೆಂಟು ತಡೆಯುತ್ತದೆ. ಜಾಸ್ತಿಯಾದರೆ ಒಳಗೇ ಕುದಿದು ಹಾಳಾಗುತ್ತದೆ ಎಂದು ನೀನೇ ಹೇಳಿದ್ದೆ. ಕತ್ತಲಾದ ಮೇಲೆ, ತುಂಬಿದ್ದು ವಾಪಸು ಪ್ಯಾನೆಲ್ಲಿಗೆ ಸೋರದಂತೆ ಕಾಯುತ್ತದೆ. ಮೋಡ ಕವಿದ ದಿನಗಳ ಕತೆಯಂತೂ ಕೇಳಲೇಬೇಡ. ನಿನ್ನೆ ಸಂಜೆ ಮೀಸೆ ಮೇಷ್ಟ್ರ ಮೀಸೆಯ ಎಡಭಾಗ ಮುಗಿಸಿ ಬಲಕ್ಕೆ ಬಂದಿದ್ದೆ. ಡಬ್ಬಿಯಲ್ಲಿ ಕೆಂಪು ದೀಪ ಮಿನುಗಿತು, ಬಲ್ಬು ಆರಿತು. ಬ್ಯಾಟರಿ ಪೂರ್ತಿ ಬರಿದಾಗುವ ಮುಂಚೆಯೇ ಡಬ್ಬಿ ಬಾಗಿಲು ಹಾಕಿತ್ತು. ಮೇಷ್ಟ್ರು ಅರೆಮೀಸೆಗೆ ಕರವಸ್ತ್ರ ಅಡ್ಡ ಹಿಡಿದು ಮನೆಗೆ ನಡೆದರು. ನಾನೂ ನಿಮ್ಮಮ್ಮನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಬೆಳಿಗ್ಗೆ ಬಿಸಿಲು ಬಂತು, ಬ್ಯಾಟರಿ ಚೇತರಿಸಿಕೊಂಡಿತು, ಬಲ್ಬು ಹೊತ್ತಿತು. ಮೊದಲ ಗಿರಾಕಿ ಮೇಷ್ಟ್ರೇ. ಬಯ್ಯುತ್ತಾರೆಂದುಕೊಂಡರೆ, ನಿಮ್ಮ ಮಗಳದು ಗಟ್ಟಿ ಕೆಲಸ ಎಂದು ಹೊಗಳಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅವರು ಎದ್ದುಹೋದ ಮೇಲೆ ಆ ಖಾಲಿ ಕುರ್ಚಿಯಲ್ಲಿ ಕೂತು ನಿನ್ನನ್ನೇ ನೆನೆಸಿಕೊಂಡೆ.

ಹೊತ್ತಿಗೆ ಸರಿಯಾಗಿ ಉಣ್ಣು. ಏಣಿ ಹತ್ತುವಾಗ ಜೋಕೆ. ನಿನ್ನ ಕೈಯಿಂದ ಇನ್ನೂ ನೂರಾರು ಮನೆ ಬೆಳಗಲಿ.

ನಿನ್ನ
ಅಪ್ಪ

ತಾ.ಕ.: ಇನ್ನೊಂದು ವಿಷಯ. ಮೇಷ್ಟ್ರು ಹೋದ ಮೇಲೆ ಬಲ್ಬಿನ ವೈರನ್ನು ಡಬ್ಬಿಯಿಂದ ಬಿಚ್ಚಿ ನೇರ ಬ್ಯಾಟರಿಗೇ ಸಿಕ್ಕಿಸಲು ಹೊರಟಿದ್ದೆ. ತಡೆಯುವವರಿಲ್ಲದೆ ಬಲ್ಬು ಅದರ ಜೀವ ಹೀರಿದರೆ ಬ್ಯಾಟರಿ ಬೇಗ ಕೆಡುತ್ತದೆ, ನೀನು ಓಡಿ ಬರುತ್ತೀಯ ಎಂಬ ಲೆಕ್ಕ. ಅಷ್ಟರಲ್ಲಿ ನಿಮ್ಮಮ್ಮ ಟೀ ತಂದಳು. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದ್ದೇ, "ಮಗಳು ಬೇಕು ಅಂದ್ರೆ ಬಾಯಿಬಿಟ್ಟು ಕರೀರಿ. ಆ ಬ್ಯಾಟರಿ ನಿಮಗೇನು ಮಾಡಿತ್ತು?" ಎಂದಳು. ವೈರನ್ನು ಇದ್ದಲ್ಲೇ ಬಿಗಿದಿದ್ದೇನೆ. ಬ್ಯಾಟರಿ ಗುಂಡುಕಲ್ಲಿನ ಹಾಗಿದೆ. ನೀನು ಸುಮ್ಮನೆ ಬಾ.